"ಕನ್ನಡಕದಿಂದ ಇನ್ನೇನೂ ಆಗಲ್ಲ" ಅಂದರು ಡಾಕ್ಟರು. ಮುಂದೆ ಎಲ್ಲಿಗೆ ಹೋಗಬೇಕು? ರಾಯಚೂರು, ಕೊಪ್ಪಳ, ಬಳ್ಳಾರಿ ಕಡೆಯವರು ಹೇಳಿ

ಸಿಂಧನೂರು_ಮಾವ
ಎಲ್ಲರಿಗೂ ನಮಸ್ಕಾರ. ನಮ್ಮ ಅಕ್ಕನ ಮಗಳ ವಿಷಯ. ಎಂಟನೇ ಕ್ಲಾಸ್, ಸಿಂಧನೂರು ತಾಲೂಕಿನ ಸರ್ಕಾರಿ ಶಾಲೆ. ಬೋರ್ಡ್ ಕಾಣಲ್ಲ ಅಂತ ಬಹಳ ದಿನದಿಂದ ಹೇಳುತ್ತಿದ್ದಳು. ಕನ್ನಡಕ ಹಾಕಿಸಿದೆವು, ನಂಬರ್ ಬದಲಾಯಿಸಿದೆವು, ಏನೂ ಫರಕ್ ಆಗಲಿಲ್ಲ. ಕೊನೆಗೆ ದೊಡ್ಡ ಆಸ್ಪತ್ರೆಯೊಂದರಲ್ಲಿ ಕಣ್ಣಿನ ಒಳಗೆ ಫೋಟೊ ತೆಗೆದು ಸ್ಟಾರ್‌ಗಾರ್ಟ್ ಅನ್ನುವ ರೋಗ ಅಂದರು. ಕಣ್ಣಿನ ಹಿಂಭಾಗದ ಪರದೆ, ರೆಟಿನಾ, ಅದರ ನಡುಭಾಗ ಕೆಟ್ಟಿದೆ, ಆಪರೇಷನ್ ಇಲ್ಲ, ಔಷಧಿ ಇಲ್ಲ, ಕನ್ನಡಕದಿಂದ ಇನ್ನೇನೂ ಆಗಲ್ಲ ಅಂತ ಹೇಳಿ ಚೀಟಿ ಕೈಗೆ ಕೊಟ್ಟರು. ಎರಡು ಕಣ್ಣೂ 6/60 ಅಂತ ಬರೆದಿದ್ದಾರೆ. ಅಷ್ಟೇ, ಮುಂದೆ ಏನು ಅಂತ ಒಂದು ಮಾತು ಹೇಳಲಿಲ್ಲ.

ಹುಡುಗಿ ಓದುವುದರಲ್ಲಿ ಚುರುಕು. ಪುಸ್ತಕ ಮೂಗಿಗೆ ತಾಗಿಸಿಕೊಂಡು ಓದುತ್ತಾಳೆ. ಹಾಗೆ ಓದಿದರೆ ಇದ್ದ ಕಣ್ಣೂ ಹೋಗುತ್ತೆ ಅಂತ ನಮ್ಮ ಅವ್ವ ಪುಸ್ತಕ ಕಿತ್ತುಕೊಳ್ಳುತ್ತಾಳೆ. ಅಂಧರ ಶಾಲೆಗೆ ಸೇರಿಸಿ ಅಂತ ಕೆಲವರು ಹೇಳುತ್ತಿದ್ದಾರೆ. ಅಕ್ಕ ದಿನಾ ಅಳುತ್ತಾಳೆ. ಯಾರಿಗಾದರೂ ಗೊತ್ತಿದ್ದರೆ ದಾರಿ ಹೇಳಿ.

ಗಂಗಾವತಿ_ಗೆಳೆಯ
ಅಣ್ಣಾ, ಆನ್‌ಲೈನ್‌ನಲ್ಲಿ ದೊಡ್ಡ ಭೂತಗನ್ನಡಿ ಸಿಗುತ್ತೆ, ಲೈಟ್ ಇರುತ್ತೆ, 10 ಪಟ್ಟು ದೊಡ್ಡದಾಗಿ ಕಾಣುತ್ತೆ. ನಮ್ಮ ಅಪ್ಪನಿಗೆ ತರಿಸಿದ್ದೇನೆ. ಅದನ್ನೇ ತರಿಸಿ.

ಬಳ್ಳಾರಿ_ಆಪ್ಟೊಮೆಟ್ರಿಸ್ಟ್
ದಯವಿಟ್ಟು ಸದ್ಯಕ್ಕೆ ಏನೂ ತರಿಸಬೇಡಿ. ನಾನು ದೃಷ್ಟಿ ಪರೀಕ್ಷೆ ಮಾಡುವ ಕೆಲಸದಲ್ಲೇ ಇರುವವನು, ಸ್ವಲ್ಪ ಉದ್ದ ಬರೆಯುತ್ತೇನೆ.

ಮೊದಲು ಅಜ್ಜಿಗೆ ಹೇಳಿ, ಹತ್ತಿರ ಹಿಡಿದು ಓದಿದರೆ ಕಣ್ಣು ಕೆಡಲ್ಲ. ಖಂಡಿತ ಕೆಡಲ್ಲ. ಅಕ್ಷರ ಹತ್ತಿರ ಬಂದಷ್ಟೂ ರೆಟಿನಾ ಮೇಲೆ ದೊಡ್ಡದಾಗಿ ಬೀಳುತ್ತೆ. ಮಗು ತನಗೆ ತಾನೇ ಕಂಡುಕೊಂಡಿರುವ ಉಪಾಯ ಅದು. ಪುಸ್ತಕ ಕಿತ್ತುಕೊಳ್ಳುವುದನ್ನು ಇವತ್ತೇ ನಿಲ್ಲಿಸಿ.

ಎರಡನೆಯದು, ಆ ಡಾಕ್ಟರು ಹೇಳಿದ್ದು ರೋಗದ ಮಟ್ಟಿಗೆ ಸರಿ. ಆದರೆ ಚಿಕಿತ್ಸೆ ಮುಗಿದ ಜಾಗದಲ್ಲಿ ಬೇರೆ ಕೆಲಸ ಶುರುವಾಗುತ್ತೆ, ಅದಕ್ಕೆ ಲೋ ವಿಷನ್ ಕ್ಲಿನಿಕ್ ಅಂತಾರೆ. ಮಾಮೂಲಿ ಕಣ್ಣಿನ ತಪಾಸಣೆ ಹತ್ತು ನಿಮಿಷದ್ದು. ಇದಕ್ಕೆ ಒಂದು ಗಂಟೆ, ಕೆಲವೊಮ್ಮೆ ಇನ್ನೂ ಜಾಸ್ತಿ ಬೇಕು. ದೂರದ ದೃಷ್ಟಿ, ಹತ್ತಿರದ ದೃಷ್ಟಿ, ಬಣ್ಣದ ವ್ಯತ್ಯಾಸ ಎಷ್ಟು ಗೊತ್ತಾಗುತ್ತೆ, ಪಕ್ಕದ ದೃಷ್ಟಿ ಎಷ್ಟಿದೆ, ಬೆಳಕು ಎಷ್ಟು ಬೇಕು, ಎಲ್ಲಾ ಬೇರೆ ಬೇರೆ ನೋಡುತ್ತಾರೆ. ಆಮೇಲೆ ಮಗುವನ್ನೇ ಕೇಳುತ್ತಾರೆ, ನಿನಗೆ ಏನು ಮಾಡೋಕೆ ಕಷ್ಟ ಅಂತ. ಬೋರ್ಡಾ, ಪುಸ್ತಕನಾ, ಬಸ್ಸಾ? ಅದರ ಮೇಲೆ ಸಾಧನ ಆರಿಸುತ್ತಾರೆ, ಕೈಗೆ ಕೊಟ್ಟು ಕೂರಿಸಿ ಕಲಿಸುತ್ತಾರೆ.

6/60 ಅಂದರೆ ಬೇರೆಯವರು 60 ಮೀಟರ್ ದೂರದಿಂದ ಓದುವ ಅಕ್ಷರ ಇವಳಿಗೆ 6 ಮೀಟರ್‌ನಿಂದ ಕಾಣುತ್ತೆ ಅಂತ. 6/60 ಇರುವ ಮಗು ಅಂಧ ಮಗು ಅಲ್ಲ ಸರ್. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ ಅಂಧತ್ವ ಬೇರೆ, ಮಂದ ದೃಷ್ಟಿ ಬೇರೆ. ಚೆನ್ನಾಗಿರುವ ಕಣ್ಣಿನಲ್ಲಿ, ಕನ್ನಡಕ ಹಾಕಿದ ಮೇಲೂ, 3/60ಕ್ಕಿಂತ ಕಡಿಮೆ ಇದ್ದರೆ ಅಂಧತ್ವ. 6/18ಕ್ಕಿಂತ ಕೆಳಗೆ 3/60ವರೆಗೆ ಮಂದ ದೃಷ್ಟಿ. ಪಕ್ಕದ ದೃಷ್ಟಿಯ ಅಗಲಕ್ಕೂ ಅಳತೆ ಇದೆ, 40 ಡಿಗ್ರಿಗಿಂತ ಕಡಿಮೆ ಆದರೆ ಮಂದ ದೃಷ್ಟಿ, 10ಕ್ಕಿಂತ ಕಡಿಮೆ ಆದರೆ ಅಂಧತ್ವ.

ಸಿಂಧನೂರು_ಮಾವ
ಸರ್, ತುಂಬಾ ಥ್ಯಾಂಕ್ಸ್. ಒಂದು ಅನುಮಾನ. ಬೋರ್ಡ್ ಕಾಣಲ್ಲ ಅನ್ನುವವಳು ನೆಲದ ಮೇಲೆ ಬಿದ್ದ ಸಣ್ಣ ಕಾಸು ಆರಿಸಿ ಕೊಡುತ್ತಾಳೆ. ಓಡಾಡುವಾಗ ಎಲ್ಲೂ ಎಡವಲ್ಲ. ಅದಕ್ಕೇ ಶಾಲೆಯಲ್ಲಿ ಸುಮ್ನೆ ನಾಟಕ ಮಾಡುತ್ತಾಳೆ ಅಂದರು.

ಬಳ್ಳಾರಿ_ಆಪ್ಟೊಮೆಟ್ರಿಸ್ಟ್
ನಾಟಕ ಅಲ್ಲ. ಸ್ಟಾರ್‌ಗಾರ್ಟ್‌ನಲ್ಲಿ ನೇರ ನೋಡುವ ನಡುಭಾಗ ಮಾತ್ರ ಹೋಗುತ್ತೆ, ಅಂಚು ಸಾಮಾನ್ಯವಾಗಿ ಚೆನ್ನಾಗಿರುತ್ತೆ. ನಡೆಯೋಕೆ, ಬಿದ್ದದ್ದು ಕಾಣೋಕೆ ಅಂಚು ಸಾಕು. ಓದೋಕೆ, ಮುಖ ಗುರುತಿಸೋಕೆ ನಡುಭಾಗ ಬೇಕು. ಮಾತಾಡುವಾಗ ನಿಮ್ಮ ಕಣ್ಣು ನೋಡದೆ ಕಿವಿ ಕಡೆನೋ ಮೇಲಕ್ಕೋ ನೋಡುತ್ತಾಳಾ? ಹಾಗಿದ್ದರೆ ಒಳ್ಳೆಯ ಲಕ್ಷಣ. ಕೆಟ್ಟ ಜಾಗ ಬಿಟ್ಟು ಪಕ್ಕದ ಒಳ್ಳೆ ಜಾಗದಿಂದ ನೋಡುವುದು ಅವಳಿಗೆ ಬಂದಿದೆ ಅಂತ. ಕ್ಲಿನಿಕ್‌ನಲ್ಲಿ ಅದನ್ನೇ ಸರಿಯಾಗಿ ಅಭ್ಯಾಸ ಮಾಡಿಸುತ್ತಾರೆ. "ನೆಟ್ಟಗೆ ನೋಡಿ ಮಾತಾಡು" ಅಂತ ಬೈಯಬೇಡಿ.

ಸಿಂಧನೂರು_ಮಾವ
ಹೌದು ಸರ್, ಹಾಗೇ ನೋಡುತ್ತಾಳೆ. ಅದಕ್ಕೂ ಮನೆಯಲ್ಲಿ ಬೈಸಿಕೊಂಡಿದ್ದಾಳೆ ಪಾಪ.

ಗಂಗಾವತಿ_ಗೆಳೆಯ
ಭೂತಗನ್ನಡಿ ಯಾಕೆ ಬೇಡ ಅಂತ ಹೇಳಲೇ ಇಲ್ಲ ನೀವು. ನಮ್ಮಪ್ಪ ಅದರಲ್ಲೇ ಪೇಪರ್ ಓದುತ್ತಾರೆ.

ಬಳ್ಳಾರಿ_ಆಪ್ಟೊಮೆಟ್ರಿಸ್ಟ್
ನಿಮ್ಮ ತಂದೆಗೆ ಉಪಯೋಗ ಆಗಿದ್ದರೆ ಸಂತೋಷ. ಆದರೆ ಅಂಗೈ ಅಗಲದ ಗಾಜು 10 ಪಟ್ಟು ದೊಡ್ಡದು ಮಾಡಲ್ಲ ಸರ್, ಡಬ್ಬಿ ಮೇಲೆ ಏನೇ ಬರೆದಿರಲಿ. ಅಷ್ಟು ಅಗಲ ಇದ್ದರೆ ಎರಡು ಎರಡೂವರೆ ಪಟ್ಟು ಇರುತ್ತೆ. ಶಕ್ತಿ ಜಾಸ್ತಿ ಆದಷ್ಟೂ ಗಾಜು ಸಣ್ಣದಾಗುತ್ತೆ, ಹತ್ತಿರ ಹಿಡಿಯಬೇಕಾಗುತ್ತೆ, ಒಂದು ಸಲಕ್ಕೆ ಕಾಣುವ ಅಕ್ಷರ ಕಡಿಮೆ ಆಗುತ್ತೆ. ಗಾಜಿನ ಶಕ್ತಿಯನ್ನು ಡಯಾಪ್ಟರ್‌ನಲ್ಲಿ ಅಳೆಯುತ್ತಾರೆ, 20 ಡಯಾಪ್ಟರ್ ಅಂದರೆ 5 ಪಟ್ಟು, ಅದನ್ನು ಕಾಗದದಿಂದ 5 ಸೆಂಟಿಮೀಟರ್‌ನಲ್ಲಿ ಹಿಡಿಯಬೇಕು. ಒಂದು ಸೆಂಟಿಮೀಟರ್ ಆಚೀಚೆ ಆದರೂ ಮಸುಕು. ಕೈ ನಡುಗುವವರಿಗೆ ಕಾಗದದ ಮೇಲೆ ಇಟ್ಟು ಸರಿಸುವ ಸ್ಟ್ಯಾಂಡ್ ಗಾಜು ಬೇಕು. ಎರಡೂ ಕೈ ಖಾಲಿ ಬೇಕು ಅನ್ನುವವರಿಗೆ ದಪ್ಪ ಗಾಜಿನ ಓದುವ ಕನ್ನಡಕ. ಮಕ್ಕಳಿಗೆ ಪುಸ್ತಕದ ಮೇಲೆ ಕೂರಿಸುವ ಅರ್ಧಗೋಲದ ಗಾಜು ಒಗ್ಗುತ್ತೆ. ಯಾರಿಗೆ ಯಾವುದು ಅಂತ ಕೂರಿಸಿ ನೋಡದೆ ಹೇಳೋಕೆ ಬರಲ್ಲ. ತಪ್ಪು ಗಾಜು ತಂದು, ಇದರಿಂದ ಏನೂ ಆಗಲಿಲ್ಲ ಅಂತ ಮೂಲೆಗೆ ಎಸೆದು, ಆಮೇಲೆ ಸರಿಯಾದದ್ದನ್ನೂ ಮುಟ್ಟದೆ ಕುಳಿತ ಮಕ್ಕಳನ್ನು ನೋಡಿದ್ದೇನೆ.

ಲಿಂಗಸುಗೂರು_ಆರ್‌ಪಿ
ಒಂದು ಮಾತು ನಾನೂ ಸೇರಿಸುತ್ತೇನೆ. ನನಗೆ ರೆಟಿನೈಟಿಸ್ ಪಿಗ್ಮೆಂಟೋಸಾ, ಎಲ್ಲರೂ ಆರ್‌ಪಿ ಅಂತಾರೆ. ಚಿಕ್ಕವನಿದ್ದಾಗ ಇರುಳುಗುರುಡು, ಈಗ ಹಗಲಲ್ಲೂ ಕೊಳವೆಯಲ್ಲಿ ನೋಡಿದ ಹಾಗೆ ನಡುವೆ ಮಾತ್ರ ಕಾಣುತ್ತೆ. ಈ ಹುಡುಗಿಯ ತದ್ವಿರುದ್ಧ. ನನಗೆ ದೊಡ್ಡದು ಮಾಡಿ ತೋರಿಸಿದರೆ ಇನ್ನೂ ಕಷ್ಟ, ಒಂದು ಅಕ್ಷರವೇ ಕೊಳವೆ ತುಂಬಾ ಬಂದು ಕೂರುತ್ತೆ. ನನಗೆ ಕೆಲಸಕ್ಕೆ ಬಂದದ್ದು ಒಳ್ಳೆ ಟಾರ್ಚು, ಬಿಳಿ ಕೋಲು, ಮನೆ ಮೆಟ್ಟಿಲ ಅಂಚಿಗೆ ಬಳಿದ ಹಳದಿ ಬಣ್ಣ. ಮಂದ ದೃಷ್ಟಿ ಅಂದ ತಕ್ಷಣ ಎಲ್ಲರಿಗೂ ಭೂತಗನ್ನಡಿ ಅಂತ ಹೇಳಬೇಡಿ.

ಗಂಗಾವತಿ_ಗೆಳೆಯ
ಸರಿ ಅಣ್ಣಾ, ಇದು ನನಗೆ ಹೊಸ ವಿಷಯ. ನಮ್ಮಪ್ಪನನ್ನೂ ಒಮ್ಮೆ ತೋರಿಸುತ್ತೇನೆ.

ಕುಷ್ಟಗಿ_ಅಕ್ಕ
ಬಿಳಿ ಕೋಲು ಹಿಡಿದರೆ ಪೂರ್ತಿ ಕುರುಡು ಅಂದುಕೊಳ್ಳಲ್ವಾ ಜನ? ಆಮೇಲೆ ಫೋನ್ ನೋಡಿದರೆ ಸುಳ್ಳು ಅಂತಾರೆ.

ಲಿಂಗಸುಗೂರು_ಆರ್‌ಪಿ
ಅನ್ನುತ್ತಾರೆ ಅಕ್ಕ. ಬಸ್‌ಸ್ಟ್ಯಾಂಡ್‌ನಲ್ಲಿ ಒಬ್ಬರು ನನ್ನ ಮುಖಕ್ಕೇ ಅಂದಿದ್ದಾರೆ. ಆದರೆ ಸಂಜೆ ಹೊತ್ತು ರಸ್ತೆ ದಾಟುವಾಗ ಕೋಲು ಕಂಡರೆ ಗಾಡಿಯವರು ನಿಲ್ಲಿಸುತ್ತಾರೆ. ನಿಂತು ಮಾತಾಡಿದವರಿಗೆ ಹೇಳುತ್ತೇನೆ, ಸ್ವಲ್ಪ ಕಾಣುತ್ತೆ, ಪಕ್ಕಕ್ಕೆ ಕಾಣಲ್ಲ ಅಂತ. ಮುಕ್ಕಾಲು ಜನಕ್ಕೆ ಅರ್ಥ ಆಗುತ್ತೆ.

ಮಸ್ಕಿ_ರೈತ
ಎಲ್ಲಾ ಬಿಡಿ, ನಮ್ಮ ಕಡೆ ಒಬ್ಬರು ಬೇರು ಅರೆದು ಕಣ್ಣಿಗೆ ಹನಿ ಹಾಕುತ್ತಾರೆ, ಎಷ್ಟೋ ಜನಕ್ಕೆ ವಾಸಿ ಆಗಿದೆ. ಕ್ಯಾರೆಟ್ ಮತ್ತು ವಿಟಮಿನ್ ಎ ಮಾತ್ರೆ ಕೊಟ್ಟರೂ ನರ ಗಟ್ಟಿ ಆಗುತ್ತೆ.

ಬಳ್ಳಾರಿ_ಆಪ್ಟೊಮೆಟ್ರಿಸ್ಟ್
ಇದನ್ನು ಓದಿ ಯಾರೂ ಹಾಗೆ ಮಾಡಬೇಡಿ. ಬೇರಿನ ರಸ, ಎಲೆಯ ರಸ, ಜೇನು ಏನೇ ಹಾಕಿದರೂ ಅದು ಕಣ್ಣಿನ ಮುಂದಿನ ಪಾರದರ್ಶಕ ಪದರಕ್ಕೆ, ಕಾರ್ನಿಯಾಕ್ಕೆ, ಹುಣ್ಣು ಮಾಡಬಹುದು. ರೆಟಿನಾದವರೆಗೆ ಹೋಗಿ ಅದನ್ನು ರಿಪೇರಿ ಮಾಡಲ್ಲ. ಇನ್ನು ಸ್ಟಾರ್‌ಗಾರ್ಟ್ ಇರುವವರಿಗೆ ವಿಟಮಿನ್ ಎ ಮಾತ್ರೆ ಕೊಡಲೇಬಾರದು. ಆ ರೋಗದಲ್ಲಿ ವಿಟಮಿನ್ ಎ ಬಳಕೆಯಾದ ಮೇಲೆ ಉಳಿಯುವ ಕಸವೇ ರೆಟಿನಾದಲ್ಲಿ ಕೂಡಿಕೊಂಡು ತೊಂದರೆ ಕೊಡುವುದು. ಊಟದಲ್ಲಿ ಸೊಪ್ಪು, ತರಕಾರಿ ಎಂದಿನಂತೆ ತಿನ್ನಲಿ, ಮಾತ್ರೆ ಬೇಡ.

ಮಸ್ಕಿ_ರೈತ
ಮಾತ್ರೆ ವಿಷಯ ಗೊತ್ತಿರಲಿಲ್ಲ. ಹನಿ ಹಾಕಿಸಿಕೊಂಡು ವಾಸಿ ಆದವರನ್ನು ನಾನು ಕಂಡಿದ್ದೇನೆ, ಅಷ್ಟೇ ಹೇಳಿದ್ದು.

ಲಿಂಗಸುಗೂರು_ಆರ್‌ಪಿ
ಕಣ್ಣು ಕೆಂಪಾಗಿದ್ದು ತಾನಾಗಿ ಹೋದರೂ ವಾಸಿ ಅಂತಾರೆ ಅಣ್ಣಾ. ನಮ್ಮ ಅಪ್ಪ ನನಗಾಗಿ ಇಂಥದ್ದಕ್ಕೆ ಎತ್ತು ಮಾರಿದ್ದಾರೆ. ಸಿಟ್ಟು ಬರುತ್ತೆ, ಕ್ಷಮಿಸಿ.

ಅಪ್ಪು_ಅಭಿಮಾನಿ_ಬಳ್ಳಾರಿ
ಕಣ್ಣೇ ಬದಲಾಯಿಸೋಕೆ ಆಗಲ್ವಾ? ಅಪ್ಪು ಸರ್ ಕಣ್ಣು ನಾಲ್ಕು ಜನಕ್ಕೆ ಹಾಕಿದರು ಅಲ್ವಾ 2021ರಲ್ಲಿ.

ಬಳ್ಳಾರಿ_ಆಪ್ಟೊಮೆಟ್ರಿಸ್ಟ್
ಅಲ್ಲಿ ಹಾಕಿದ್ದು ಕಾರ್ನಿಯಾ ಮಾತ್ರ. ಬೆಂಗಳೂರಿನ ನಾರಾಯಣ ನೇತ್ರಾಲಯದವರು ಒಂದೊಂದು ಕಾರ್ನಿಯಾವನ್ನು ಎರಡು ಪದರ ಮಾಡಿ, ಎರಡು ಕಣ್ಣಿಂದ ನಾಲ್ಕು ಜನಕ್ಕೆ ಕೊಟ್ಟರು. ಇಡೀ ಕಣ್ಣನ್ನಾಗಲಿ ರೆಟಿನಾವನ್ನಾಗಲಿ ಹಾಗೆ ಬದಲಾಯಿಸಿ ದೃಷ್ಟಿ ತರಿಸೋಕೆ ಇನ್ನೂ ಆಗಿಲ್ಲ. ನೇತ್ರದಾನ ಖಂಡಿತ ಮಾಡಿ, ಕಾರ್ನಿಯಾ ಬೆಳ್ಳಗಾದವರಿಗೆ ಅದು ದೊಡ್ಡ ಉಪಕಾರ.

ಕೆಟ್ಟ ಜೀನ್‌ನ ಕೆಲಸಕ್ಕೆ ಒಳ್ಳೆಯ ಜೀನ್ ಸೇರಿಸುವ ಜೀನ್ ಥೆರಪಿ ಅಂತಲೂ ಕೇಳುತ್ತಾರೆ. 2017ರ ಕೊನೆಗೆ ಅಮೆರಿಕದಲ್ಲಿ ಒಂದಕ್ಕೆ ಒಪ್ಪಿಗೆ ಸಿಕ್ಕಿತು, ಅದು ಆರ್‌ಪಿಇ65 ಅನ್ನುವ ಒಂದೇ ಒಂದು ಜೀನ್ ಕೆಟ್ಟವರಿಗೆ. ಎಲ್ಲಾ ಆರ್‌ಪಿಗೂ ಅಲ್ಲ, ಸ್ಟಾರ್‌ಗಾರ್ಟ್‌ಗೂ ಅಲ್ಲ. ಸ್ಟೆಮ್ ಸೆಲ್ ಇಂಜೆಕ್ಷನ್ ಅಂತ ಲಕ್ಷ ಲಕ್ಷ ಕೇಳುವವರ ಹತ್ತಿರ ಹೋಗಬೇಡಿ.

ಕಾರಟಗಿ_ಕಾಕಾ
ಇದೆಲ್ಲಾ ಸಂಬಂಧದೊಳಗೆ ಮದುವೆ ಮಾಡಿಕೊಂಡದ್ದಕ್ಕೆ. ತಾಯಿ ಈಗ ಅತ್ತು ಏನು ಪ್ರಯೋಜನ.

ಕುಷ್ಟಗಿ_ಅಕ್ಕ
ಕಾಕಾ, ಅಳುತ್ತಿರುವ ತಾಯಿಗೆ ಹೇಳುವ ಮಾತಾ ಇದು? ಮದುವೆ ನಿಶ್ಚಯ ಮಾಡಿದ್ದು ಹಿರಿಯರು, ಆಗ ಅವಳನ್ನು ಯಾರಾದರೂ ಕೇಳಿದ್ದರಾ? ನನ್ನನ್ನೂ ಕೇಳಿರಲಿಲ್ಲ. ನನ್ನ ಮಗನಿಗೆ ಅಲ್ಬಿನಿಸಂ. ಹುಟ್ಟಿದಾಗಿಂದ ಚರ್ಮ, ಕೂದಲು ಬಿಳಿ, ಕಣ್ಣು ಅಲುಗಾಡುತ್ತೆ. ತೊನ್ನು ಅಂತ ಊರೆಲ್ಲಾ ಮಾತಾಡಿತು. ಎಲ್ಲಾ ಮಾತೂ ನನ್ನ ಮೇಲೆ ಬಂತು, ನನ್ನ ಗಂಡನಿಗೆ ಒಬ್ಬರೂ ಒಂದು ಮಾತು ಅನ್ನಲಿಲ್ಲ.

ಬಳ್ಳಾರಿ_ಆಪ್ಟೊಮೆಟ್ರಿಸ್ಟ್
ಅಕ್ಕ ಹೇಳಿದ್ದು ಸರಿ. ಇಂಥ ರೋಗಗಳಲ್ಲಿ ಸಾಮಾನ್ಯವಾಗಿ ತಂದೆ ತಾಯಿ ಇಬ್ಬರ ಕಡೆಯಿಂದಲೂ ಕೆಟ್ಟ ಜೀನ್ ಬಂದರೆ ಮಾತ್ರ ಮಗುವಿಗೆ ರೋಗ. ಒಬ್ಬರ ತಪ್ಪು ಅಂತ ಇಲ್ಲ. ರಕ್ತಸಂಬಂಧದಲ್ಲಿ ಇಬ್ಬರಲ್ಲೂ ಅದೇ ಜೀನ್ ಇರುವ ಸಾಧ್ಯತೆ ಜಾಸ್ತಿ, ಆ ಮಟ್ಟಿಗೆ ಕಾಕಾ ಹೇಳಿದ್ದರಲ್ಲಿ ನಿಜ ಇದೆ. ಅದು ಮುಂದಿನ ಮದುವೆಗಳ ಬಗ್ಗೆ ಯೋಚಿಸೋಕೆ ಬೇಕು, ಇವರನ್ನು ಚುಚ್ಚೋಕೆ ಅಲ್ಲ. ಹಾಗೇ ಹುಡುಗಿಯ ತಮ್ಮ ತಂಗಿ ಇದ್ದರೆ ಅವರ ರೆಟಿನಾನೂ ಒಮ್ಮೆ ತೋರಿಸಿ.

ಕಾರಟಗಿ_ಕಾಕಾ
ನೋಯಿಸುವ ಉದ್ದೇಶ ಇರಲಿಲ್ಲ ತಾಯಿ. ನಮ್ಮ ಊರಲ್ಲಿ ಮೂರು ನಾಲ್ಕು ಮನೆಯಲ್ಲಿ ಇದೇ ನೋಡಿದ್ದೇನೆ, ಅದಕ್ಕೆ ಬಾಯಿಗೆ ಬಂತು. ಇನ್ನಾದರೂ ಹೆಣ್ಣು ತರುವಾಗ ನೋಡಬೇಕು ಅಂತ.

ಕುಷ್ಟಗಿ_ಅಕ್ಕ
ಇರಲಿ ಕಾಕಾ. ಸಿಂಧನೂರಿನವರೇ, ನನ್ನ ಮಗನಿಗೆ ಏನು ಉಪಯೋಗ ಆಯಿತು ಹೇಳುತ್ತೇನೆ. ನಮ್ಮ ಬಿಸಿಲು ನಿಮಗೆ ಗೊತ್ತು, ಏಪ್ರಿಲ್‌ನಲ್ಲಿ ಅವನಿಗೆ ಅಂಗಳದಲ್ಲಿ ಕಣ್ಣೇ ಬಿಡೋಕೆ ಆಗುತ್ತಿರಲಿಲ್ಲ. ಕಂದು ಬಣ್ಣದ, ಪಕ್ಕದಿಂದಲೂ ಬೆಳಕು ತಡೆಯುವ ಕನ್ನಡಕ ಕೊಟ್ಟರು, ಮುಂದೆ ಅಂಚಿರುವ ಟೋಪಿ ಹಾಕಿಸಿ ಅಂದರು. ಕ್ಲಾಸಿನಲ್ಲಿ ಕಿಟಕಿಗೆ ಬೆನ್ನು ಮಾಡಿ ಕೂರಿಸಿ ಅಂದರು. ಅದರ ಮೊದಲು ಬೆಳಕು ಬರಲಿ ಅಂತ ಕಿಟಕಿ ಎದುರೇ ಕೂರಿಸುತ್ತಿದ್ದರು ಶಾಲೆಯಲ್ಲಿ! ಜೊತೆಗೆ ದಪ್ಪ ಗೆರೆ ಹೊಡೆದ ನೋಟ್‌ಬುಕ್, ಕಪ್ಪು ಸ್ಕೆಚ್ ಪೆನ್. ಓರೆಯಾಗಿ ನಿಲ್ಲುವ ಓದುವ ಸ್ಟ್ಯಾಂಡ್ ಮಾತ್ರ ನಮ್ಮ ಊರಿನ ಬಡಗಿ ಹಲಗೆಯಲ್ಲಿ ಮಾಡಿಕೊಟ್ಟ. ಬಗ್ಗಿ ಬಗ್ಗಿ ಕುತ್ತಿಗೆ ನೋವು ಅಂತಿದ್ದ, ಈಗಿಲ್ಲ.

ಮನೆಯಲ್ಲೂ ಸಣ್ಣ ಸಣ್ಣದು ಇದೆ. ಸ್ಟೀಲ್ ತಟ್ಟೆಯಲ್ಲಿ ಬಿಳಿ ಅನ್ನ, ಮೇಲೆ ಮಜ್ಜಿಗೆ ಹಾಕಿದರೆ ಎಲ್ಲಿದೆ ಅಂತಲೇ ಗೊತ್ತಾಗಲ್ಲ ಇವರಿಗೆ. ನೀಲಿ ತಟ್ಟೆ ತಂದೆ. ಅಷ್ಟೇ, ಚೆಲ್ಲುವುದು ನಿಂತಿತು.

ಮಾನ್ವಿ_ಮೇಷ್ಟ್ರು
ನಾನು ಹೈಸ್ಕೂಲ್ ಶಿಕ್ಷಕ. ಅಂಧರ ಶಾಲೆಗೆ ಹಾಕಬೇಡಿ ಅಂತ ಕೈಮುಗಿದು ಹೇಳುತ್ತೇನೆ. ಕಣ್ಣಿಂದ ಓದಬಲ್ಲ ಮಗು ಕಣ್ಣಿಂದಲೇ ಓದಬೇಕು.

ಲಿಂಗಸುಗೂರು_ಆರ್‌ಪಿ
ಸರ್, ಇದನ್ನು ಪೂರ್ತಿ ಒಪ್ಪಲ್ಲ. ನಾನು ಮಾಮೂಲಿ ಶಾಲೆಯಲ್ಲೇ ಓದಿದೆ, ಹಿಂದಿನ ಬೆಂಚಿನಲ್ಲಿ ಸುಮ್ನೆ ಕೂತು ಎದ್ದು ಬಂದೆ. ಯಾರೂ ಏನೂ ಕಲಿಸಲಿಲ್ಲ. ಅಂಧರ ಶಾಲೆಗೆ ಹೋದ ನನ್ನ ಗೆಳೆಯ ಬ್ರೈಲ್ ಕಲಿತ, ಕಂಪ್ಯೂಟರ್ ಕಲಿತ, ನನಗಿಂತ ಮೊದಲು ಕೆಲಸಕ್ಕೆ ಸೇರಿದ. ಶಾಲೆಯ ಹೆಸರಿಗಿಂತ ಅಲ್ಲಿ ಕಲಿಸುವವರು ಇದ್ದಾರಾ ಅನ್ನುವುದು ಮುಖ್ಯ. ನನ್ನಂತೆ ದೃಷ್ಟಿ ಕಡಿಮೆ ಆಗುತ್ತಾ ಹೋಗುವವರಿಗೆ ಬ್ರೈಲ್ ಗೊತ್ತಿದ್ದರೆ ಮುಂದೆ ಆಸರೆ.

ಮಾನ್ವಿ_ಮೇಷ್ಟ್ರು
ನೀವು ಹೇಳುವುದರಲ್ಲಿ ನೋವಿದೆ, ಅಲ್ಲ ಅನ್ನಲ್ಲ. ಆದರೆ ಹಿಂದಿನ ಬೆಂಚಿನಲ್ಲಿ ಕೂರಿಸಿದ್ದು ಶಾಲೆಯ ತಪ್ಪು, ಅದನ್ನು ತಿದ್ದಬೇಕು. ಮಗುವನ್ನು ಊರು ಬಿಡಿಸುವುದು ಯಾಕೆ? 2016ರ ಕಾಯ್ದೆಯ 16 ಮತ್ತು 17ನೇ ಸೆಕ್ಷನ್ ಪ್ರಕಾರ ಮಗುವಿಗೆ ಬೇಕಾದ ಅನುಕೂಲ ಮಾಡಿಕೊಡುವುದು ಶಾಲೆಯ ಜವಾಬ್ದಾರಿ. ಪ್ರತಿ ಬ್ಲಾಕ್‌ನಲ್ಲಿ ವಿಶೇಷ ಅಗತ್ಯವಿರುವ ಮಕ್ಕಳಿಗಾಗಿ ಬಿಐಇಆರ್‌ಟಿ ಶಿಕ್ಷಕರು ಇರುತ್ತಾರೆ. ಸಿಂಧನೂರಿನ ಬ್ಲಾಕ್ ಸಂಪನ್ಮೂಲ ಕೇಂದ್ರಕ್ಕೆ (ಬಿಆರ್‌ಸಿ) ಹೋಗಿ ಕೇಳಿ. ಶಾಲೆಯಲ್ಲಿ ಮೇಷ್ಟ್ರು ಬೋರ್ಡ್ ಮೇಲೆ ಬರೆಯುವಾಗ ಬಾಯಲ್ಲೂ ಹೇಳಿದರೆ ಸಾಕು, ಅರ್ಧ ಕಷ್ಟ ಕಡಿಮೆ. ನಾನು ನನ್ನ ಕ್ಲಾಸಿನಲ್ಲಿ ಮಾಡುತ್ತೇನೆ, ಉಳಿದ ಮಕ್ಕಳಿಗೂ ಅದು ಒಳ್ಳೆಯದೇ ಆಗಿದೆ.

ಬಳ್ಳಾರಿ_ಆಪ್ಟೊಮೆಟ್ರಿಸ್ಟ್
ಬೋರ್ಡ್‌ಗೆ ಇನ್ನೊಂದು ಸಾಧನ ಇದೆ. ಒಂದೇ ಕಣ್ಣಿಗೆ ಹಿಡಿಯುವ ಬೆರಳುದ್ದದ ಟೆಲಿಸ್ಕೋಪ್. 4 ಪಟ್ಟಿನದ್ದು ಹಿಡಿದರೆ 6/60 ಇರುವ ಮಗುವಿಗೆ ಸುಮಾರು 6/15ರಷ್ಟು ಕಾಣಬಹುದು. ಆದರೆ ಕಾಣುವ ಜಾಗ ಕಿರಿದು. ಬೋರ್ಡ್ ಎಲ್ಲಿದೆ ಅಂತ ಹುಡುಕುವುದು, ಸಾಲು ಹಿಡಿದು ಸಾಗುವುದು, ನೋಡಿ ಬರೆದುಕೊಳ್ಳುವುದು, ಇದಕ್ಕೆ ಅಭ್ಯಾಸ ಬೇಕು. ಮೊದಲ ದಿನವೇ ಬರಲಿಲ್ಲ ಅಂತ ಬಿಡಬಾರದು. ನಡೆಯುವಾಗ ಅದನ್ನು ಕಣ್ಣಿಗೆ ಹಿಡಿಯಬಾರದು.

ಬ್ಯಾಂಕ್_ಹುಡುಗಿ_ಬಳ್ಳಾರಿ
ನನಗೂ ಸ್ಟಾರ್‌ಗಾರ್ಟ್. ಈಗ ಬ್ಯಾಂಕ್‌ನಲ್ಲಿ ಕೆಲಸ ಮಾಡುತ್ತೇನೆ. ಈ ಥ್ರೆಡ್ ಓದಿ ಬರೆಯದೆ ಇರೋಕೆ ಆಗಲಿಲ್ಲ.

ಕ್ಲಿನಿಕ್‌ಗೆ ಹೋಗುವಾಗ ಹುಡುಗಿಯ ಕನ್ನಡ ಪಠ್ಯಪುಸ್ತಕ, ಗಣಿತ ಪುಸ್ತಕ, ಸಮಾಜದ ಮ್ಯಾಪ್ ಇರುವ ಪುಟ ಎಲ್ಲಾ ತೆಗೆದುಕೊಂಡು ಹೋಗಿ. ಅಲ್ಲಿ ಇಂಗ್ಲಿಷ್ ಅಕ್ಷರದ ಚಾರ್ಟ್ ತೋರಿಸಿ, ಓದುತ್ತಾಳೆ, ಈ ಗಾಜು ಸಾಕು ಅಂತಾರೆ. ಮನೆಗೆ ಬಂದು ಕನ್ನಡ ತೆಗೆದರೆ ಒತ್ತಕ್ಷರ ಕಾಣಲ್ಲ. ನಮ್ಮ ಲಿಪಿಯಲ್ಲಿ ಒತ್ತು ಕೆಳಗೆ ಸಣ್ಣದಾಗಿ ಕೂರುತ್ತೆ. "ಸ್ತ್ರೀ", "ರಾಷ್ಟ್ರ" ಅಂಥ ಪದದಲ್ಲಿ ಒಂದರ ಕೆಳಗೊಂದು. ಮೇಲಿನ ಅಕ್ಷರ ಕಂಡರೂ ಒತ್ತು ಬರೀ ಚುಕ್ಕೆ. ನನಗೆ ಇಂಗ್ಲಿಷ್‌ಗಿಂತ ಕನ್ನಡಕ್ಕೆ ಜಾಸ್ತಿ ಶಕ್ತಿಯ ಗಾಜು ಬೇಕಾಯಿತು. ಇದನ್ನು ಯಾರೂ ಹೇಳಲ್ಲ, ನೀವೇ ಪುಸ್ತಕ ಇಟ್ಟು ಓದಿಸಿ ನೋಡಬೇಕು.

ಮನೆಯಲ್ಲಿ ಟ್ಯಾಬ್ ಇದ್ದರೆ ಪಠ್ಯಪುಸ್ತಕ ಸಂಘದ ಪಿಡಿಎಫ್ ಇಳಿಸಿಕೊಂಡು ಎರಡು ಬೆರಳಲ್ಲಿ ದೊಡ್ಡದು ಮಾಡಿ ಓದಬಹುದು. ಕಪ್ಪು ಹಿನ್ನೆಲೆ ಮೇಲೆ ಬಿಳಿ ಅಕ್ಷರ ಮಾಡಿದರೆ ನನ್ನ ಕಣ್ಣಿಗೆ ಇನ್ನೂ ಹಿತ.

ರಾಯಚೂರು_ಟೆಕ್ಕಿ
ಓದಿ ಹೇಳುವ ಸಾಫ್ಟ್‌ವೇರ್‌ನೂ ಕಲಿಸಿ. ಆಂಡ್ರಾಯ್ಡ್ ಫೋನ್‌ನಲ್ಲಿ ಟಾಕ್‌ಬ್ಯಾಕ್ ಇದ್ದೇ ಇರುತ್ತೆ, ಕನ್ನಡ ಧ್ವನಿಯೂ ಇದೆ. ಕಂಪ್ಯೂಟರ್‌ಗೆ ಎನ್‌ವಿಡಿಎ ಪೂರ್ತಿ ಉಚಿತ. ಪಿಡಿಎಫ್ ಕೊಟ್ಟು ಓದು ಅಂದರೆ ಆಯಿತು.

ಬ್ಯಾಂಕ್_ಹುಡುಗಿ_ಬಳ್ಳಾರಿ
ಅಷ್ಟು ಸುಲಭ ಇಲ್ಲ ಸರ್. ಕನ್ನಡ ಪಿಡಿಎಫ್ ಎಷ್ಟೋ ಹಳೆಯ ನುಡಿ ಫಾಂಟ್‌ನಲ್ಲಿ ಇರುತ್ತೆ, ಯೂನಿಕೋಡ್ ಅಲ್ಲ. ಕಣ್ಣಿಗೆ ಕನ್ನಡ, ಒಳಗೆ ಇಂಗ್ಲಿಷ್ ಅಕ್ಷರದ ಕೋಡ್. ಸ್ಕ್ರೀನ್ ರೀಡರ್ ಅದನ್ನು ಅರ್ಥವಿಲ್ಲದ ಶಬ್ದವಾಗಿ ಓದುತ್ತೆ. ಸ್ಕ್ಯಾನ್ ಮಾಡಿದ ಪುಟವಾದರೆ ಅದೂ ಇಲ್ಲ. ಇಷ್ಟು ವರ್ಷ ಆದ ಮೇಲೂ ಆದೇಶ, ಅರ್ಜಿ, ಪ್ರಶ್ನೆಪತ್ರಿಕೆ ಎಲ್ಲಾ ಹಾಗೇ ಬರುತ್ತಿದೆ. ನನಗೆ ಇದು ನಿಜವಾಗಿಯೂ ಬೇಸರದ ವಿಷಯ. ಯೂನಿಕೋಡ್‌ನಲ್ಲಿ ಟೈಪ್ ಮಾಡುವುದು ಖರ್ಚಿನ ಕೆಲಸ ಅಲ್ಲ.

ರಾಯಚೂರು_ಟೆಕ್ಕಿ
ಹೌದು, ಸರಿ. ನುಡಿಯಿಂದ ಯೂನಿಕೋಡ್‌ಗೆ ಬದಲಾಯಿಸುವ ಪರಿವರ್ತಕಗಳು ಇವೆ, ಆದರೆ ವರ್ಡ್ ಫೈಲ್ ಇದ್ದರೆ ಚೆನ್ನಾಗಿ ಆಗುತ್ತೆ, ಪಿಡಿಎಫ್ ಆದರೆ ಒತ್ತುಗಳು ಕೆಡುತ್ತವೆ. ಯಾರಿಗಾದರೂ ಬೇಕಿದ್ದರೆ ಇಲ್ಲೇ ಕೇಳಿ, ನಾನು ಮಾಡಿಕೊಡುತ್ತೇನೆ.

ಸಿರುಗುಪ್ಪ_ಮೊಮ್ಮಗ
ವಿಷಯ ಸ್ವಲ್ಪ ಬೇರೆ, ಬೈಯಬೇಡಿ. ನಮ್ಮ ಅಜ್ಜಿಗೆ ವಯಸ್ಸಾಗಿ ಎರಡೂ ಕಣ್ಣಿನ ನರ ಸವೆದಿದೆ ಅಂದಿದ್ದಾರೆ. ಈಚೆಗೆ ಗೋಡೆ ಮೇಲೆ ಕೆಂಪು ಅಂಗಿ ಹಾಕಿದ ಸಣ್ಣ ಮಕ್ಕಳು ಕೂತಿದ್ದಾರೆ ಅಂತಾಳೆ. ಒಮ್ಮೊಮ್ಮೆ ರಂಗೋಲಿ ಥರ ಕಾಣುತ್ತೆ ಅಂತಾಳೆ. ಗಾಳಿ ಸೋಕಿದೆ ಅಂತ ಮನೆಯವರು ತಾಯಿತ ಕಟ್ಟಿಸಿದರು. ಉಳಿದಂತೆ ಬುದ್ಧಿ ಸರಿಯಾಗಿದೆ, ಲೆಕ್ಕ ಎಲ್ಲಾ ನೆನಪಿದೆ.

ಬಳ್ಳಾರಿ_ಆಪ್ಟೊಮೆಟ್ರಿಸ್ಟ್
ಒಳ್ಳೆಯದಾಯಿತು ಕೇಳಿದ್ದು. ಇದಕ್ಕೆ ಚಾರ್ಲ್ಸ್ ಬೊನೆ ಸಿಂಡ್ರೋಮ್ ಅಂತಾರೆ. 1760ರಲ್ಲೇ ಬೊನೆ ಅನ್ನುವವರು ತಮ್ಮ ಅಜ್ಜನಿಗೆ ಹೀಗೆ ಆಗುತ್ತಿದ್ದುದನ್ನು ಬರೆದಿಟ್ಟರು. ದೃಷ್ಟಿ ತುಂಬಾ ಕಡಿಮೆ ಆದಾಗ ಮೆದುಳಿಗೆ ಕಣ್ಣಿಂದ ಬರುವ ಮಾಹಿತಿ ಸಾಲದೆ ತಾನೇ ಚಿತ್ರ ಕಟ್ಟುತ್ತೆ. ಆ ಮಕ್ಕಳು ಮಾತಾಡಲ್ಲ, ಸದ್ದು ಮಾಡಲ್ಲ, ಅಲ್ವಾ? ಕೇಳಿ ನೋಡಿ. ಇದು ಹುಚ್ಚಲ್ಲ, ಗಾಳಿಯೂ ಅಲ್ಲ. "ನಿನ್ನ ಕಣ್ಣಿನಿಂದಾಗಿ ಹೀಗೆ ಕಾಣುತ್ತೆ, ಅಲ್ಲಿ ಯಾರೂ ಇಲ್ಲ" ಅಂತ ಸಮಾಧಾನವಾಗಿ ಹೇಳಿ. ಕಂಡಾಗ ಲೈಟ್ ಹಾಕಿ, ಕಣ್ಣನ್ನು ಎಡಕ್ಕೆ ಬಲಕ್ಕೆ ಬೇಗ ಬೇಗ ಆಡಿಸೋಕೆ ಹೇಳಿ, ಎಷ್ಟೋ ಸಲ ಹೋಗುತ್ತೆ. ಧ್ವನಿಯೂ ಕೇಳುತ್ತೆ ಅಂದರೆ, ಅಥವಾ ಮರೆವು ಗಲಿಬಿಲಿ ಇದ್ದರೆ ಬೇರೆ ಕಾರಣ ಇರಬಹುದು. ಹೇಗಿದ್ದರೂ ಒಮ್ಮೆ ಡಾಕ್ಟರಿಗೆ ತೋರಿಸಿ.

ಸಿರುಗುಪ್ಪ_ಮೊಮ್ಮಗ
ಈಗಷ್ಟೇ ಅಜ್ಜಿಯನ್ನು ಕೇಳಿದೆ ಸರ್. "ಇಲ್ಲಪ್ಪ, ಸುಮ್ಮನೆ ಕೂತಿರುತ್ತವೆ, ಕರೆದರೂ ಓಗೊಡಲ್ಲ" ಅಂದಳು. ನೀವು ಹೇಳಿದ್ದನ್ನು ಓದಿ ಹೇಳಿದೆ. ತನಗೆ ಹುಚ್ಚು ಹಿಡಿಯುತ್ತಿದೆ ಅಂತ ಹೆದರಿಕೊಂಡಿದ್ದಳಂತೆ, ಅದಕ್ಕೆ ಎಷ್ಟೋ ದಿನ ಯಾರಿಗೂ ಹೇಳಿರಲಿಲ್ಲ.

ಕೊಪ್ಪಳ_ಶಿವು
ನಮ್ಮ ಅವ್ವನಿಗೆ ಶುಗರ್‌ನಿಂದ ಕಣ್ಣು ಮಂಜು. ಪೊರೆ ಇರಬೇಕು ಅಂತ ಕ್ಯಾಂಪ್ ಬರಲಿ ಅಂತ ಕಾಯುತ್ತಿದ್ದೇವೆ.

ಬಳ್ಳಾರಿ_ಆಪ್ಟೊಮೆಟ್ರಿಸ್ಟ್
ಕಾಯಬೇಡಿ ಶಿವು. ಸಕ್ಕರೆ ಕಾಯಿಲೆಯಲ್ಲಿ ರೆಟಿನಾದೊಳಗೆ ರಕ್ತ ಸೋರಿರಬಹುದು, ಅದಕ್ಕೆ ಲೇಸರ್, ಇಂಜೆಕ್ಷನ್ ಇದೆ, ತಡ ಮಾಡಿದರೆ ಹೋದದ್ದು ಬರಲ್ಲ. ಜಿಲ್ಲಾ ಆಸ್ಪತ್ರೆಯಲ್ಲಿ ಹನಿ ಹಾಕಿ ಒಳಗೆ ನೋಡಿಸಿ, ಈ ವಾರವೇ. ಶುಗರ್ ಇರುವವರು ಚೆನ್ನಾಗಿ ಕಾಣುತ್ತಿದ್ದರೂ ವರ್ಷಕ್ಕೊಮ್ಮೆ ನೋಡಿಸಬೇಕು.

ಸಿಂಧನೂರು_ಮಾವ
ಎಲ್ಲರಿಗೂ ಹೇಗೆ ಥ್ಯಾಂಕ್ಸ್ ಹೇಳಬೇಕೋ ಗೊತ್ತಿಲ್ಲ. ಕ್ಲಿನಿಕ್ ಎಲ್ಲಿ ಅಂತ ಒಂದು ಹೇಳಿಬಿಡಿ. ಬೆಂಗಳೂರಿಗೇ ಹೋಗಬೇಕಾ?

ಮಾನ್ವಿ_ಮೇಷ್ಟ್ರು
ನಮ್ಮ ಕಡೆಗೆ ಬೆಂಗಳೂರಿಗಿಂತ ಹೈದರಾಬಾದ್ ಹತ್ತಿರ. ಬಂಜಾರ ಹಿಲ್ಸ್‌ನಲ್ಲಿ ಎಲ್ ವಿ ಪ್ರಸಾದ್ ಕಣ್ಣಿನ ಸಂಸ್ಥೆ ಇದೆ, 1987ರಲ್ಲಿ ಶುರುವಾದದ್ದು. ಅಲ್ಲಿ ಮಂದ ದೃಷ್ಟಿಯವರಿಗೇ ಬೇರೆ ವಿಭಾಗ ಇದೆ, ಬಡವರಿಗೆ ಉಚಿತವಾಗಿಯೂ ನೋಡುತ್ತಾರೆ. ತೆಲುಗು ಬಂದರೆ ಸಾಕು, ನಮ್ಮ ರಾಯಚೂರು ಜನಕ್ಕೆ ಅದೇನು ಕಷ್ಟ ಅಲ್ಲ.

ಕುಷ್ಟಗಿ_ಅಕ್ಕ
ಕೊಪ್ಪಳ ಕಡೆಯವರಿಗೆ ಹುಬ್ಬಳ್ಳಿ ಹತ್ತಿರ, ರೈಲೂ ಇದೆ. ಎಲ್ಲಿಗೇ ಹೋಗಲಿ ಮೊದಲು ಫೋನ್ ಮಾಡಿ, ಲೋ ವಿಷನ್ ನೋಡುವವರು ಯಾವ ದಿನ ಇರುತ್ತಾರೆ ಅಂತ ಕೇಳಿ. ಕಣ್ಣಿನ ಆಸ್ಪತ್ರೆ ಅಂದ ಮಾತ್ರಕ್ಕೆ ಎಲ್ಲಾ ಕಡೆ ಇರಲ್ಲ. ಮಗುವನ್ನು ಬಸ್ಸಿನಲ್ಲಿ ಕೂರಿಸಿಕೊಂಡು ಹೋಗಿ ವಾಪಸ್ ಬರುವುದು ತುಂಬಾ ಬೇಜಾರು.

ಬಳ್ಳಾರಿ_ಆಪ್ಟೊಮೆಟ್ರಿಸ್ಟ್
ಜೊತೆಗೆ ವಿಕಲಚೇತನರ ಗುರುತಿನ ಚೀಟಿ, ಯುಡಿಐಡಿ ಕಾರ್ಡ್‌ಗೆ ಸ್ವಾವಲಂಬನ್ ಪೋರ್ಟಲ್‌ನಲ್ಲಿ ಅರ್ಜಿ ಹಾಕಿ. ಎರಡೂ ಕಣ್ಣು 6/60 ಇದ್ದರೆ ವೈಕಲ್ಯ ಶೇ 40 ಬರುತ್ತೆ. ಸೌಲಭ್ಯಗಳಿಗೆ ಕನಿಷ್ಠ ಬೇಕಾದದ್ದು ಅಷ್ಟೇ. ಊರಿನ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು (ವಿಆರ್‌ಡಬ್ಲ್ಯೂ) ಅರ್ಜಿಗೆ ಸಹಾಯ ಮಾಡುತ್ತಾರೆ. ಕೇಂದ್ರದ ಅಡಿಪ್ ಯೋಜನೆಯಲ್ಲಿ ಸಾಧನಗಳು ಸಿಗುತ್ತವೆ, ಆದಾಯ ಮಿತಿ ಇದೆ.

ಸಿಂಧನೂರು_ಮಾವ
ಸರ್ಟಿಫಿಕೇಟ್‌ಗೆ ನಮ್ಮ ಭಾವ ಒಪ್ಪುತ್ತಿಲ್ಲ. ಹೆಣ್ಣು ಮಗು, ಕಾಗದದ ಮೇಲೆ ಅಂಗವಿಕಲೆ ಅಂತ ಬಂದರೆ ನಾಳೆ ಮದುವೆ ಆಗಲ್ಲ ಅಂತಾನೆ.

ಕಾರಟಗಿ_ಕಾಕಾ
ತಂದೆಯ ಚಿಂತೆ ತಪ್ಪಲ್ಲ. ಊರಲ್ಲಿ ಮಾತು ಬೇಗ ಹರಡುತ್ತೆ.

ಬ್ಯಾಂಕ್_ಹುಡುಗಿ_ಬಳ್ಳಾರಿ
ನಿಮ್ಮ ಭಾವನಿಗೆ ಇದನ್ನು ಓದಿ ಹೇಳಿ. ನಮ್ಮ ಅಪ್ಪನೂ ಇದೇ ಮಾತು ಹೇಳಿ ತಡೆದಿದ್ದರು. ಕಾಗದ ಇಲ್ಲದಿದ್ದರೂ ನನಗೆ ಕಾಣುತ್ತಿರಲಿಲ್ಲ, ಅದು ಊರಿಗೆ ಗೊತ್ತಿತ್ತು. ಕಾಗದ ಇಲ್ಲದ್ದರಿಂದ ನಷ್ಟ ಆದದ್ದು ನನಗೆ ಮಾತ್ರ, ಪರೀಕ್ಷೆಯಲ್ಲಿ ಹೆಚ್ಚಿನ ಸಮಯ ಸಿಗಲಿಲ್ಲ, ಗೊತ್ತಿದ್ದ ಪ್ರಶ್ನೆ ಬಿಟ್ಟು ಎದ್ದು ಬಂದೆ. ಕಾರ್ಡ್ ಬಂದ ಮೇಲೆ ಬ್ಯಾಂಕ್ ಪರೀಕ್ಷೆ ಬರೆದೆ. ಸರ್ಕಾರಿ ಕೆಲಸದಲ್ಲಿ ಶೇ 4ರಷ್ಟು ಮೀಸಲಾತಿ ಇದೆ, ಅದರಲ್ಲಿ ಶೇ 1 ಅಂಧತ್ವ ಮತ್ತು ಮಂದ ದೃಷ್ಟಿಯವರಿಗೆ. ಉನ್ನತ ಶಿಕ್ಷಣದ ಸೀಟುಗಳಲ್ಲಿ ಶೇ 5. ಸ್ವಂತ ಸಂಬಳ ಇರುವ ಹುಡುಗಿಯ ಮದುವೆ ಮಾತು ಬೇರೆ ಥರ ನಡೆಯುತ್ತೆ. ಮದುವೆ ಬೇಡ ಅಂದರೂ ಅವಳ ಬದುಕು ಅವಳ ಕೈಯಲ್ಲಿರುತ್ತೆ.

ಯಲಬುರ್ಗಾ_ತಂದೆ
ಬ್ಯಾಂಕ್‌ನಲ್ಲಿ ನೋಟು ಹೇಗೆ ಗುರುತಿಸುತ್ತೀರಿ ತಾಯಿ? ನನ್ನ ಮಗ ಕಿರಾಣಿ ಅಂಗಡಿಯಲ್ಲಿ ಕೂರುತ್ತಾನೆ, 100 ಮತ್ತು 500 ಅದಲು ಬದಲು ಆಗುತ್ತೆ.

ಬ್ಯಾಂಕ್_ಹುಡುಗಿ_ಬಳ್ಳಾರಿ
ನನ್ನದು ಸಾಲದ ವಿಭಾಗ ಸರ್, ಕೌಂಟರ್ ಅಲ್ಲ. ಆದರೆ ಹೇಳುತ್ತೇನೆ. ಹೊಸ ನೋಟುಗಳಲ್ಲಿ 100 ರೂಪಾಯಿಯದ್ದು 142 ಮಿಲಿಮೀಟರ್ ಉದ್ದ, 500ರದ್ದು 150. ಎಡ ಬಲ ಅಂಚಿನಲ್ಲಿ ಉಬ್ಬಿದ ಓರೆ ಗೆರೆಗಳು ಇರುತ್ತವೆ, 100ರಲ್ಲಿ ನಾಲ್ಕು, 500ರಲ್ಲಿ ಐದು. ಹಳೆ ನೋಟಾದರೆ ಗೆರೆ ಸವೆದಿರುತ್ತೆ. ಆಗ ರಿಸರ್ವ್ ಬ್ಯಾಂಕ್‌ನ ಮಣಿ ಆ್ಯಪ್ ಹಾಕಿಕೊಳ್ಳಲಿ, ಕ್ಯಾಮೆರಾ ಮುಂದೆ ನೋಟು ಹಿಡಿದರೆ ಎಷ್ಟರದ್ದು ಅಂತ ಹೇಳುತ್ತೆ, ಇಂಟರ್ನೆಟ್ ಬೇಕಿಲ್ಲ. ಗಲ್ಲಾದಲ್ಲಿ 500ಕ್ಕೆ ಬೇರೆಯೇ ಖಾನೆ ಮಾಡಿಬಿಡಿ.

ಸಿಂಧನೂರು_ಮಾವ
ಭಾವ ಓದಿದ. ಏನೂ ಮಾತಾಡಲಿಲ್ಲ, ಅರ್ಜಿಗೆ ಏನೇನು ಕಾಗದ ಬೇಕು ಅಂತ ಕೇಳಿದ. ಹೈದರಾಬಾದ್‌ಗೆ ಫೋನ್ ಮಾಡಿದ್ದೇನೆ, ಹೆಸರು ಬರೆದುಕೊಂಡಿದ್ದಾರೆ.

ಮಾನ್ವಿ_ಮೇಷ್ಟ್ರು
ತುಂಬಾ ಸಂತೋಷ. ಪಠ್ಯಪುಸ್ತಕ ಮರೆಯದೆ ತೆಗೆದುಕೊಂಡು ಹೋಗಿ.

ದೇವದುರ್ಗ_ಅಮ್ಮ
ನನ್ನ ಮಗಳು ಈ ವರ್ಷ ಎಸ್‌ಎಸ್‌ಎಲ್‌ಸಿ. ಅವಳಿಗೂ ಮಂದ ದೃಷ್ಟಿ, ಕಾರ್ಡ್ ಇದೆ. ಬೇರೆಯವರಿಂದ ಬರೆಸುವುದು ಅವಳಿಗೆ ಇಷ್ಟ ಇಲ್ಲ, ತಾನೇ ಬರೆಯುತ್ತೇನೆ ಅಂತಾಳೆ. ಹಾಗಾದರೆ ಹೆಚ್ಚಿನ ಸಮಯ ಸಿಗಲ್ವಾ?

ಮಾನ್ವಿ_ಮೇಷ್ಟ್ರು
ಕೇಳಬಹುದು ತಾಯಿ. ಕೇಂದ್ರದ 2018ರ ಮಾರ್ಗಸೂಚಿಯಲ್ಲಿ ಗಂಟೆಗೆ ಕನಿಷ್ಠ 20 ನಿಮಿಷ ಅಂತ ಇತ್ತು, 3 ಗಂಟೆಯ ಪರೀಕ್ಷೆಗೆ 1 ಗಂಟೆ. ಬರೆಯುವವರನ್ನು ತೆಗೆದುಕೊಳ್ಳದೆ ತಾನೇ ಬರೆಯುವ ಮಗುವಿಗೂ ಆ ಒಂದು ಗಂಟೆ ಕೊಡಬಹುದು ಅಂತ ಅದರಲ್ಲೇ ಇತ್ತು. ಆದರೆ ಪರೀಕ್ಷೆ ದಿನ ಹೋಗಿ ಕೇಳಿದರೆ ಕೊಡಲ್ಲ, ಮೊದಲೇ ಮುಖ್ಯ ಶಿಕ್ಷಕರ ಮೂಲಕ ಸರ್ಟಿಫಿಕೇಟ್ ಜೊತೆ ಮಂಡಳಿಗೆ ಹೋಗಬೇಕು. ಅರ್ಜಿಯಲ್ಲೇ ಅವಳು ಬಳಸುವ ಗಾಜು, ಟೇಬಲ್ ಲ್ಯಾಂಪ್, ಓದುವ ಸ್ಟ್ಯಾಂಡ್ ಎಲ್ಲಾ ಹೆಸರು ಬರೆದು ಅನುಮತಿ ಕೇಳಿ. ಬಾಗಿಲಲ್ಲಿ ತಡೆದರೆ ತೋರಿಸೋಕೆ ಒಂದು ಪ್ರತಿ ಕೈಯಲ್ಲಿರಲಿ.

ದೇವದುರ್ಗ_ಅಮ್ಮ
ಲ್ಯಾಂಪ್‌ಗೂ ಅನುಮತಿ ಬೇಕಾ ಸರ್?

ಮಾನ್ವಿ_ಮೇಷ್ಟ್ರು
ಬರೆಸಿಟ್ಟುಕೊಳ್ಳಿ. ಪ್ಲಗ್ ಇರುವ ಕಡೆ ಸೀಟು ಹಾಕಿಸೋಕೂ ಆಗುತ್ತೆ. ಕರೆಂಟ್ ಹೋದರೆ ಅಂತ ಚಾರ್ಜ್ ಮಾಡುವ ಲ್ಯಾಂಪ್ ತೆಗೆದುಕೊಳ್ಳಿ, ಮನೆಯಲ್ಲಿ ಈಗಿನಿಂದಲೇ ಅದರಲ್ಲೇ ಬರೆದು ರೂಢಿ ಆಗಲಿ.